ಸೂಜಿ ಚುಚ್ಚಿದೆ, ಇನ್ನೂ ಯಾರಿಗೂ ಹೇಳಿಲ್ಲ. ಬೆಳಗಾಗುವ ತನಕ ಕಾಯಬಹುದಾ?

ರಾತ್ರಿಪಾಳಿ | ಬೆಳಗಿನ ಜಾವ 3:50

ನಾನು ಸ್ಟಾಫ್ ನರ್ಸ್. ಜಿಲ್ಲಾ ಕೇಂದ್ರದ ಒಂದು ಖಾಸಗಿ ಆಸ್ಪತ್ರೆ, ಹೆಸರು ಬೇಡ. ಎರಡೂವರೆ ಸುಮಾರಿಗೆ ಒಬ್ಬ ರೋಗಿಗೆ ಐವಿ ಹಾಕಿದೆ. ಜ್ವರಕ್ಕೆ ಅವರ ಕೈ ನಡುಗುತ್ತಿತ್ತು. ಕ್ಯಾನುಲಾ, ಅಂದರೆ ರಕ್ತನಾಳದಲ್ಲಿ ಉಳಿಯುವ ಸಣ್ಣ ಕೊಳವೆ, ಕೂತಿತು, ಒಳಗಿನ ಸೂಜಿ ಎಳೆದೆ. ಸೂಜಿ ಹಾಕುವ ಬಿಳಿ ಡಬ್ಬಿ ಇರುವುದು ನರ್ಸಿಂಗ್ ಸ್ಟೇಷನ್ ಹತ್ತಿರ. ಒಂದು ಕೈಯಲ್ಲಿ ಅವರ ಕೈ ಹಿಡಿದುಕೊಂಡು ಅಲ್ಲಿಗೆ ಹೋಗುವುದಾದರೂ ಹೇಗೆ? ಸೂಜಿಯನ್ನು ಕಿಡ್ನಿ ಟ್ರೇಯಲ್ಲಿ ಇಟ್ಟೆ. ಪ್ಲಾಸ್ಟರ್ ಹಾಕಿ, ಹತ್ತಿ, ಗಾಜ್ ಎಲ್ಲ ಬಾಚಿಕೊಳ್ಳುವಾಗ ಎಡಗೈ ತೋರುಬೆರಳಿಗೆ ಚುಚ್ಚಿತು. ಗ್ಲೌಸ್ ಇತ್ತು, ಆದರೂ ರಕ್ತ ಬಂತು.

ಹಿಂಡಿದೆ, ಸ್ಪಿರಿಟ್ ಸುರಿದೆ, ಬ್ಯಾಂಡೇಜ್ ಸುತ್ತಿ ಮುಂದಿನ ಬೆಡ್‌ಗೆ ಹೋದೆ. ಹನ್ನೆರಡು ಬೆಡ್‌ಗೆ ನಾನು ಒಬ್ಬಳೇ. ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳೋಣ ಅಂದರೆ ಹೆದರಿಕೆ. ಹೋದ ತಿಂಗಳು ನನ್ನ ಗೆಳತಿ ಹೇಳಿದ್ದಕ್ಕೆ, "ನಿಮ್ಮ ನಿರ್ಲಕ್ಷ್ಯಕ್ಕೆ ವಿವರಣೆ ಕೊಡಿ" ಅಂತ ಬರೆಸಿಕೊಂಡರು. ರೋಗಿ ಬರೀ ಜ್ವರ ಅಂತ ಬಂದವರು. ನೋಡಿದರೆ ಏನೂ ಇಲ್ಲ ಅನ್ನಿಸುತ್ತದೆ. ಬೆಳಗ್ಗೆ ಡ್ಯೂಟಿ ಮುಗಿದ ಮೇಲೆ ಹೊರಗೆ ಎಲ್ಲಾದರೂ ಟೆಸ್ಟ್ ಮಾಡಿಸಿದರೆ ಸಾಕಲ್ವಾ?

ಹಸಿರು ಕೋಟು | 4:02

ಬೇಡ. ಈಗಲೇ ಎದ್ದು ನಿಮ್ಮ ಡ್ಯೂಟಿ ಡಾಕ್ಟರನ್ನು ಎಬ್ಬಿಸಿ. ನಾನು ಕ್ಯಾಶುಯಲ್ಟಿ ಡಾಕ್ಟರ್, ಇದೇ ಕೆಲಸದಲ್ಲಿ ಹನ್ನೊಂದು ವರ್ಷ ಆಯಿತು.

ಮೊದಲು ಬ್ಯಾಂಡೇಜ್ ಬಿಚ್ಚಿ, ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆಯಿರಿ. ಹಿಂಡಬೇಡಿ, ಸ್ಪಿರಿಟ್, ಬ್ಲೀಚ್ ಏನೂ ಬೇಡ. ಬೆರಳನ್ನು ಬಾಯಿಗಂತೂ ಇಡಲೇಬೇಡಿ.

ಎಚ್‌ಐವಿ ತಡೆಯುವ ಮಾತ್ರೆ, ಅಂದರೆ ಪೆಪ್, ಎರಡು ಗಂಟೆ ಒಳಗೆ ಶುರುವಾದರೆ ತುಂಬಾ ಒಳ್ಳೆಯದು. 72 ಗಂಟೆ ದಾಟಿದರೆ ಕೊಡುವುದಿಲ್ಲ. ಈ 72 ಅನ್ನುವ ಸಂಖ್ಯೆ ಕೇಳಿ ಎಷ್ಟೋ ಜನ "ಇನ್ನೂ ಮೂರು ದಿನ ಇದೆ" ಅಂದುಕೊಳ್ಳುತ್ತಾರೆ. ಅದು ಬಾಗಿಲು ಮುಚ್ಚುವ ಹೊತ್ತು. ಅಲ್ಲಿವರೆಗೆ ಆರಾಮಾಗಿ ಬರಬಹುದು ಅಂತ ಅರ್ಥ ಅಲ್ಲ. ರೋಗಿಯ ರಿಪೋರ್ಟ್ ಬರಲಿ ಅಂತಲೂ ಕಾಯಬೇಡಿ. ಮೊದಲ ಡೋಸ್ ಬೇಕು ಅಂತ ಡಾಕ್ಟರಿಗೆ ಅನ್ನಿಸಿದರೆ ನುಂಗಿಬಿಡಿ. ರೋಗಿ ನೆಗೆಟಿವ್ ಅಂತ ಬಂದರೆ ನಿಲ್ಲಿಸಿದರಾಯಿತು.

ನಿಮ್ಮಲ್ಲಿ ಮಾತ್ರೆ ಇಲ್ಲದಿದ್ದರೆ ಜಿಲ್ಲಾ ಆಸ್ಪತ್ರೆ ಕ್ಯಾಶುಯಲ್ಟಿಗೆ ಹೋಗಿ. 1097ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ.

ಇನ್ನೊಂದು. "ನೋಡಿದರೆ ಏನೂ ಇಲ್ಲ" ಅಂದಿರಿ. ಮುಖ ನೋಡಿ ವೈರಸ್ ಹೇಳುವ ವಿದ್ಯೆ ನಮ್ಮ ಪ್ರೊಫೆಸರ್‌ಗಳಿಗೂ ಬರುತ್ತಿರಲಿಲ್ಲ.

ಹಳ್ಳಿ ಮದ್ದು | 4:15

ಸಿಸ್ಟರ್, ಇನ್ನೂ ಜೋರಾಗಿ ಹಿಂಡಿ ಕೆಟ್ಟ ರಕ್ತ ಹೊರಗೆ ಹಾಕಿ. ಅರಿಶಿನ ಒತ್ತಿ. ನಮ್ಮ ಅಜ್ಜಿ ಮೊಳೆ ಚುಚ್ಚಿದರೆ ಹಾಗೇ ಮಾಡುತ್ತಿದ್ದರು.

ಹಸಿರು ಕೋಟು | 4:19

ಅಜ್ಜಿ ಮೊಳೆಗೆ ಮಾಡಿದ್ದು ಮೊಳೆಗೇ ಇರಲಿ ಸರ್. ಹಿಂಡಿದರೆ ವೈರಸ್ ಹೊರಗೆ ಬರುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಗಾಯದ ಸುತ್ತ ಚರ್ಮ ನಜ್ಜುಗುಜ್ಜಾಗುತ್ತದೆ ಅಷ್ಟೇ.

ರಾತ್ರಿಪಾಳಿ | 5:35

ಜಿಲ್ಲಾ ಆಸ್ಪತ್ರೆಯಲ್ಲಿ ಇದ್ದೇನೆ. ನಮ್ಮಲ್ಲೂ ಪೆಪ್ ಮಾತ್ರೆ ಇದೆಯಂತೆ, ಫಾರ್ಮಸಿ ಬೀರುವಿನಲ್ಲಿ. ಬೀರುವಿನ ಕೀ ಮ್ಯಾನೇಜರ್ ಮನೆಯಲ್ಲಿ! ಡ್ಯೂಟಿ ಡಾಕ್ಟರ್ ಪುಣ್ಯಾತ್ಮರು, ಬೈಯಲಿಲ್ಲ. "ಐಸಿಯು ಸಿಸ್ಟರ್ ನಿಮ್ಮ ಬೆಡ್ ನೋಡಿಕೊಳ್ಳುತ್ತಾರೆ, ನೀವು ಹೊರಡಿ" ಅಂದರು. ರೋಗಿಯ ಹತ್ತಿರ ಅವರೇ ಕೂತು ವಿಷಯ ಹೇಳಿ, ಒಪ್ಪಿಗೆ ತೆಗೆದುಕೊಂಡು ರಕ್ತ ಕಳಿಸಿದ್ದಾರೆ.

ಇಲ್ಲಿ ನನ್ನ ರಕ್ತವನ್ನೂ ತೆಗೆದುಕೊಂಡರು. ಎಚ್‌ಐವಿ, ಲಿವರ್‌ಗೆ ತಗಲುವ ಹೆಪಟೈಟಿಸ್ ಬಿ, ಸಿ, ಕಿಡ್ನಿ ನೋಡುವ ಕ್ರಿಯಾಟಿನಿನ್. ಮೊದಲ ಮಾತ್ರೆ 5:10ಕ್ಕೆ ನುಂಗಿದೆ. "ಹೆಪಟೈಟಿಸ್ ಬಿ ಲಸಿಕೆ ಆಗಿದೆಯಾ?" ಅಂದರು. ನರ್ಸಿಂಗ್ ಕಾಲೇಜಿನಲ್ಲಿ ಮೂರು ಡೋಸ್ ಆಗಿತ್ತು. "ಟೈಟರ್ ಎಷ್ಟು?" ಅಂದರು. ಲಸಿಕೆಯಿಂದ ರಕ್ತದಲ್ಲಿ ಎಷ್ಟು ರಕ್ಷಣೆ ಹುಟ್ಟಿದೆ ಅನ್ನುವ ಲೆಕ್ಕ ಅದು, ನಾನು ನೋಡಿಯೇ ಇಲ್ಲ.

ಲ್ಯಾಬಿನ ಮೂಲೆ | 7:20

ಟೈಟರ್ ನೋಡದೇ ಇರುವುದು ನಮ್ಮ ಕಡೆಯ ದೊಡ್ಡ ರೋಗ. ನಾನು ಲ್ಯಾಬ್ ಟೆಕ್ನಿಷಿಯನ್. ಮೂರು ಡೋಸ್ ಆಗಿದೆ ಅಂತ ಆರು ವರ್ಷ ಧೈರ್ಯವಾಗಿ ಓಡಾಡಿದೆ. ಒಂದು ದಿನ ಸೆಂಟ್ರಿಫ್ಯೂಜ್‌ನಲ್ಲಿ ಗಾಜಿನ ಟ್ಯೂಬ್ ಒಡೆದು ಹೆಬ್ಬೆರಳು ಕುಯ್ಯಿತು. ಸ್ಯಾಂಪಲ್ ಹೆಪಟೈಟಿಸ್ ಬಿ ಪಾಸಿಟಿವ್. ಅವತ್ತು ನನ್ನ ಟೈಟರ್ ನೋಡಿದರೆ 4. ಕನಿಷ್ಠ 10 ಇರಬೇಕು. ಮೂರು ಡೋಸ್ ಹಾಕಿಸಿಕೊಂಡರೂ ಕೆಲವರ ಮೈ ಕ್ಯಾರೇ ಅನ್ನುವುದಿಲ್ಲ. ಅದು ನಾನು ಅಂತ ಗೊತ್ತಿರಲಿಲ್ಲ.

ಇಮ್ಯುನೋಗ್ಲಾಬ್ಯುಲಿನ್, ಅಂದರೆ ಸಿದ್ಧ ಪ್ರತಿಕಾಯದ ಇಂಜೆಕ್ಷನ್ ಕೊಟ್ಟರು, 24 ಗಂಟೆ ಒಳಗೆ ಆಗಬೇಕು ಅಂತ ಮೂರು ಊರಿಗೆ ಫೋನ್ ಮಾಡಿ ತರಿಸಿದರು. ಜೊತೆಗೆ ಲಸಿಕೆ ಮತ್ತೆ ಮೊದಲಿಂದ. ಏನೂ ಆಗಲಿಲ್ಲ, ಬಚಾವಾದೆ. ಮೂರನೇ ಡೋಸ್ ಆಗಿ ಒಂದೆರಡು ತಿಂಗಳಿಗೆ ಆ ಟೆಸ್ಟ್ ಮಾಡಿಸಿದ್ದರೆ ಇಷ್ಟೆಲ್ಲ ಪರದಾಟ ಇರುತ್ತಿರಲಿಲ್ಲ.

ಎಲ್ಲರಿಗೂ ಎಚ್‌ಐವಿ ಒಂದೇ ಹೆದರಿಕೆ. ಲೆಕ್ಕ ನೋಡಿ. ಎಚ್‌ಐವಿ ಇರುವವರ ಸೂಜಿ ಚುಚ್ಚಿ, ಏನೂ ಔಷಧಿ ತೆಗೆದುಕೊಳ್ಳದಿದ್ದರೆ, ಸೋಂಕು ತಗಲುವುದು ಸಾವಿರಕ್ಕೆ ಸುಮಾರು 3 ಜನಕ್ಕೆ. ಹೆಪಟೈಟಿಸ್ ಬಿ ಆದರೆ, ಲಸಿಕೆ ಆಗಿಲ್ಲದವರಲ್ಲಿ, ನೂರಕ್ಕೆ 6ರಿಂದ 30. ಆ ವೈರಸ್ ಒಣಗಿದ ರಕ್ತದ ಕಲೆಯಲ್ಲೂ ಒಂದು ವಾರ ಬದುಕಿರುತ್ತದೆ. ಲಸಿಕೆ ಇರುವುದು ಅದಕ್ಕೇ, ನಾವು ಸಸಾರ ಮಾಡುವುದೂ ಅದನ್ನೇ.

ಕಸದ ಲೆಕ್ಕ | 9:05

ನೀವೆಲ್ಲ ಓದಿದವರು ಮಾತಾಡುವಾಗ ನಾನು ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ನಾನು ಹೌಸ್‌ಕೀಪಿಂಗ್ ಸೂಪರ್‌ವೈಸರ್, ಗುತ್ತಿಗೆ ಕಂಪನಿ ಕಡೆಯಿಂದ. ಸಿಸ್ಟರ್‌ಗೆ ಚುಚ್ಚಿದ್ದು ಯಾವ ಸೂಜಿ, ಯಾವ ರೋಗಿ ಅಂತ ಗೊತ್ತು. ನಮ್ಮವರಿಗೆ ಅದೂ ಇಲ್ಲ.

ಹೋದ ವಾರ ನಮ್ಮ ಒಬ್ಬ ಅಕ್ಕ ಹಳದಿ ಚೀಲ ಎತ್ತಿಕೊಂಡು ಮೆಟ್ಟಿಲು ಇಳಿಯುತ್ತಿದ್ದರು. ಚೀಲ ಕಾಲಿಗೆ ತಗಲಿತು, ಮೀನಖಂಡಕ್ಕೆ ಸೂಜಿ ಚುಚ್ಚಿತು. ಹಳದಿ ಚೀಲದಲ್ಲಿ ಇರಬೇಕಾದದ್ದು ರಕ್ತದ ಹತ್ತಿ, ಡ್ರೆಸ್ಸಿಂಗ್ ಬಟ್ಟೆ. ಸೂಜಿ ಹೋಗಬೇಕಾದದ್ದು ಬಿಳಿ ಡಬ್ಬಿಗೆ. ಯಾರೋ ಹತ್ತಿ ಜೊತೆ ಬಾಚಿ ಹಾಕಿದ್ದಾರೆ. ಯಾರು, ಯಾವ ವಾರ್ಡು, ಯಾರ ರಕ್ತ, ಏನೂ ಗೊತ್ತಿಲ್ಲ.

ನಾನು ಮೊದಲು ಹೇಳಿದ ಮಾತು, "ನೋಡಿಕೊಂಡು ಎತ್ತಬಾರದಾ ಅಕ್ಕ?" ಗಂಟು ಕಟ್ಟಿದ ಚೀಲದ ಒಳಗೆ ಏನು ನೋಡುತ್ತಾರೆ? ಆ ಮಾತಿಗೆ ನನಗೇ ಈಗ ನಾಚಿಕೆ. ಅವರು ಸುಮ್ಮನೆ ಹೋಗಿ ಕಾಲು ತೊಳೆದುಕೊಂಡು ಮತ್ತೆ ಕೆಲಸಕ್ಕೆ ಬಂದರು. ಲಸಿಕೆ ಆಗಿದೆಯಾ ಅಂದರೆ, "ಒಂದು ಹಾಕಿದ್ದರು, ಆಮೇಲೆ ಆ ಕಂಪನಿ ಹೋಯಿತು" ಅಂದರು. ಈಗ ಏನು ಮಾಡಬಹುದು? ಐದು ದಿನ ಆಗಿದೆ.

ಹಸಿರು ಕೋಟು | 9:30

ನೀವು ಬಂದು ಕೇಳಿದ್ದು ಒಳ್ಳೆಯದಾಯಿತು. ಎಚ್‌ಐವಿ ಮಾತ್ರೆಯ ಹೊತ್ತು ಮೀರಿತು. ಹೆಪಟೈಟಿಸ್ ಬಿಗೆ ಇನ್ನೂ ಅವಕಾಶ ಇದೆ. ಇಮ್ಯುನೋಗ್ಲಾಬ್ಯುಲಿನ್ ಏಳು ದಿನದ ತನಕ ಕೊಡುತ್ತಾರೆ, ಬೇಗ ಕೊಟ್ಟಷ್ಟೂ ಒಳ್ಳೆಯದು. ಲಸಿಕೆ ಇವತ್ತೇ ಶುರು ಮಾಡಿಸಿ. ಈಗ, ತಿಂಗಳಿಗೊಂದು, ಆರು ತಿಂಗಳಿಗೊಂದು. ಹಳೆಯ ಒಂದು ಡೋಸಿನ ವಿಷಯವನ್ನೂ ಹೇಳಿ, ಅದನ್ನು ಲೆಕ್ಕಕ್ಕೆ ಹಿಡಿಯಬಹುದಾ ಅಂತ ಅವರು ನೋಡುತ್ತಾರೆ. ಟಿಟಿ ಆಗಿದೆಯಾ ಕೇಳಿ. ಇವತ್ತಿನ ರಕ್ತ ಪರೀಕ್ಷೆ ಮಾಡಿಸಿ ಕಾಗದ ಇಟ್ಟುಕೊಳ್ಳಿ. ನಾಳೆ ಏನಾದರೂ ಬಂದರೆ ಕೆಲಸದಲ್ಲೇ ಆದದ್ದು ಅಂತ ತೋರಿಸಲು ಆ ಕಾಗದ ಬೇಕು. ಇಎಸ್‌ಐ ವಿಮೆ ಇದ್ದರೆ ಕೆಲಸದ ಜಾಗದ ಗಾಯ ಅಂತ ಬರೆಸಿ.

ಲಸಿಕೆ ಯಾರ ಖರ್ಚು ಅಂತ ನಿಮ್ಮ ಕಂಪನಿ ಮತ್ತು ಆಸ್ಪತ್ರೆ ಕಿತ್ತಾಡಿದರೆ, 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ ತೆಗೆದು ತೋರಿಸಿ. ಆ ಕಸ ಮುಟ್ಟುವ ಪ್ರತಿಯೊಬ್ಬರಿಗೂ ಹೆಪಟೈಟಿಸ್ ಬಿ, ಧನುರ್ವಾಯು ಲಸಿಕೆ ಹಾಕಿಸುವುದು ಆಸ್ಪತ್ರೆಯ ಹೊಣೆ. ಗುತ್ತಿಗೆಯವರು, ಕಾಯಂನವರು ಅಂತ ಬೇರೆ ಬೇರೆ ಇಲ್ಲ.

ಗುಣಮಟ್ಟ | 11:40

ನಾನು ಒಂದು ಆಸ್ಪತ್ರೆಯ ಕ್ವಾಲಿಟಿ ವಿಭಾಗದಲ್ಲಿ ಇದ್ದೇನೆ. ನಮ್ಮ ಕಡೆಯ ಮಾತನ್ನೂ ಕೇಳಿ. ಸೂಜಿ ಚುಚ್ಚಿದ ಲೆಕ್ಕವನ್ನು ಪ್ರತಿ ತಿಂಗಳು ಇಡಬೇಕು, ಆಸ್ಪತ್ರೆಗಳ ಗುಣಮಟ್ಟಕ್ಕೆ ಮಾನ್ಯತೆ ಕೊಡುವ ಎನ್‌ಎಬಿಎಚ್‌ನವರು ನೋಡುತ್ತಾರೆ. ಕಾರಣ ತಿಳಿಯದೆ ಸರಿಪಡಿಸುವುದು ಹೇಗೆ? ವಿವರಣೆ ಕೇಳುವುದು ಶಿಕ್ಷೆ ಅಲ್ಲ. ಸೂಜಿಯನ್ನು ಟ್ರೇಯಲ್ಲಿ ಇಟ್ಟದ್ದು ತಪ್ಪು ತಾನೇ? ನಮ್ಮಲ್ಲಿ ಶಿಸ್ತು ತಂದ ಮೇಲೆ ಏಳು ತಿಂಗಳಿಂದ ಒಂದೂ ಪ್ರಕರಣ ಇಲ್ಲ.

ಲ್ಯಾಬಿನ ಮೂಲೆ | 11:52

ಏಳು ತಿಂಗಳಿಂದ ಒಂದೂ ಇಲ್ಲವಾ? ಎಷ್ಟು ಬೆಡ್ ಸರ್ ನಿಮ್ಮದು?

ಗುಣಮಟ್ಟ | 11:58

ಇನ್ನೂರ ಐವತ್ತು.

ಲ್ಯಾಬಿನ ಮೂಲೆ | 12:01

ಹಾಗಾದರೆ ನಿಮ್ಮವರೂ ನಮ್ಮ ಹಾಗೆ ಬೆಳಗ್ಗೆ ಹೊರಗಿನ ಲ್ಯಾಬಿಗೆ ಬಂದು ಟೆಸ್ಟ್ ಮಾಡಿಸುತ್ತಾರೆ. ಮುಖಕ್ಕೆ ಮಾಸ್ಕ್, ಹೆಸರು ಬೇರೆ, "ಸುಮ್ನೆ ಚೆಕಪ್‌ಗೆ" ಅಂತಾರೆ. ನನಗೆ ಅಂಥ ಮುಖಗಳು ಗೊತ್ತು.

ರಾತ್ರಿಪಾಳಿ | ಮಧ್ಯಾಹ್ನ 1:10

ಗುಣಮಟ್ಟ ಸರ್, ನಾನು ಟ್ರೇಯಲ್ಲಿ ಇಟ್ಟದ್ದು ತಪ್ಪು, ಒಪ್ಪಿದೆ. ಈಗ ನನ್ನ ಮುಂದೆ ಇರುವ ಫಾರ್ಮ್‌ನಲ್ಲಿ "ಸಿಬ್ಬಂದಿ ಯಾಕೆ ಎಚ್ಚರ ವಹಿಸಲಿಲ್ಲ?" ಅಂತ ಒಂದು ಕಾಲಂ ಇದೆ. "ಡಬ್ಬಿ ಎಲ್ಲಿತ್ತು?" ಅಂತ ಕಾಲಂ ಇಲ್ಲ. "ಎಷ್ಟು ಬೆಡ್‌ಗೆ ಎಷ್ಟು ನರ್ಸ್?" ಇಲ್ಲ. "ಡ್ಯೂಟಿ ಶುರುವಾಗಿ ಎಷ್ಟು ಗಂಟೆ?" ಅದೂ ಇಲ್ಲ. ಕಾರಣ ಹುಡುಕುವವರು ಇದನ್ನೆಲ್ಲ ಕೇಳಬೇಕಲ್ವಾ?

ಕಸದ ಲೆಕ್ಕ ಅಣ್ಣ, ನಿಮ್ಮ ಮಾತು ಓದಿ ಎದೆ ಧಸಕ್ಕೆಂದಿತು. ನನಗೆ ಚುಚ್ಚದೇ ಇದ್ದಿದ್ದರೆ ನಾನು ಬಾಚಿಕೊಂಡ ಹತ್ತಿ ಜೊತೆ ಆ ಸೂಜಿ ಹಳದಿ ಚೀಲಕ್ಕೇ ಹೋಗುತ್ತಿತ್ತು.

ಮಂಗಳೂರು ಟು ಲೀಡ್ಸ್ | 2:30

ಮಂಗಳೂರಲ್ಲಿ ಓದಿ, ಅಲ್ಲೇ ನಾಲ್ಕು ವರ್ಷ ಕೆಲಸ ಮಾಡಿ, ಈಗ ಇಂಗ್ಲೆಂಡಿನಲ್ಲಿ ಇದ್ದೇನೆ. ಇಲ್ಲಿ ಸ್ವರ್ಗ ಅಂತ ಹೇಳಲು ಬಂದಿಲ್ಲ. ಚುಚ್ಚುವುದು ಇಲ್ಲೂ ಚುಚ್ಚುತ್ತದೆ, ನನಗೇ ಇನ್ಸುಲಿನ್ ಕೊಡುವಾಗ ಒಮ್ಮೆ ಆಗಿದೆ. ಆದರೆ ಕ್ಯಾನುಲಾದ ಸೂಜಿ ಎಳೆದ ತಕ್ಷಣ ತುದಿಗೆ ಒಂದು ಸಣ್ಣ ಕ್ಲಿಪ್ ಬಂದು ಮುಚ್ಚಿಕೊಳ್ಳುತ್ತದೆ. ಅದನ್ನು ಟ್ರೇಯಲ್ಲಿ ಹಾಕಿದರೂ ಚುಚ್ಚುವುದು ಕಷ್ಟ. ಟ್ರೇಗೇ ಸಣ್ಣ ಡಬ್ಬಿ ಅಂಟಿರುತ್ತದೆ, ಬೆಡ್ ಹತ್ತಿರ ಹೋಗುವಾಗ ಡಬ್ಬಿಯೂ ಜೊತೆಗೇ ಬರುತ್ತದೆ. ಯುರೋಪಿನಲ್ಲಿ 2010ರಲ್ಲಿ ನಿರ್ದೇಶನ ಬಂತು, ಅದರ ಮೇಲೆ ಬ್ರಿಟನ್ 2013ರಲ್ಲಿ ನಿಯಮ ಮಾಡಿತು. ಅಮೆರಿಕದಲ್ಲಿ 2000ದಲ್ಲೇ ಇದಕ್ಕೆ ಕಾನೂನು ಬಂದಿತ್ತು.

ಊರಲ್ಲಿ ನಾನು ರೀಕ್ಯಾಪ್ ಮಾಡಲು ಕಲಿತದ್ದು ಸೀನಿಯರ್‌ಗಳನ್ನು ನೋಡಿ. ಪುಸ್ತಕದಲ್ಲಿ "ಸೂಜಿಗೆ ಮತ್ತೆ ಮುಚ್ಚಳ ಹಾಕಬೇಡಿ" ಅಂತ ಇತ್ತು. ವಾರ್ಡಿನಲ್ಲಿ ಎರಡೂ ಕೈಯಲ್ಲಿ ಹಿಡಿದು ಟಕ್ ಅಂತ ಹಾಕುತ್ತಿದ್ದರು. ಯಾವುದನ್ನು ಕಲಿತೆ ಅಂತ ಹೇಳಬೇಕಾಗಿಲ್ಲ ತಾನೇ. ಇಲ್ಲಿಗೆ ಬಂದ ಮೊದಲ ವಾರ ನನ್ನ ಕೈ ತಾನಾಗಿಯೇ ಮುಚ್ಚಳ ಹುಡುಕುತ್ತಿತ್ತು.

ಗುಣಮಟ್ಟ | 3:15

ಆ ಕ್ಯಾನುಲಾ ದುಬಾರಿ ಮೇಡಂ. ಬಿಲ್ ರೋಗಿಯ ಮೇಲೆ ಬೀಳುತ್ತದೆ.

ಮಂಗಳೂರು ಟು ಲೀಡ್ಸ್ | 3:21

ಒಪ್ಪಿದೆ. ಟ್ರಾಲಿಗೆ ಡಬ್ಬಿ ಕಟ್ಟಲು ಎಷ್ಟು ಖರ್ಚು ಸರ್?

ಪ್ರಸೂತಿ ವಾರ್ಡಿನ ಹುಡುಗ | ಸಂಜೆ 6:45

ಹೌಸ್ ಸರ್ಜನ್ ನಾನು. ಎಲ್ಲರೂ ಸೂಜಿ ಸೂಜಿ ಅನ್ನುತ್ತೀರಿ, ನನಗೆ ಆದದ್ದು ಕಣ್ಣಿಗೆ. ಲೇಬರ್ ರೂಮಿನಲ್ಲಿ ನೀರು ಒಡೆದಾಗ ರಕ್ತ ಬೆರೆತ ನೀರು ನೇರ ಮುಖಕ್ಕೆ ಹಾರಿತು. ಮಾಸ್ಕ್ ಇತ್ತು, ಕನ್ನಡಕ ಇರಲಿಲ್ಲ. ತಾಯಿ ಎಚ್‌ಐವಿ ಪಾಸಿಟಿವ್ ಅಂತ ಮೊದಲೇ ಗೊತ್ತಿತ್ತು. ಎಚ್‌ಐವಿ ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ತಪ್ಪದೆ ತೆಗೆದುಕೊಳ್ಳುತ್ತಿದ್ದರು. ಪಿಜಿ ಮೇಡಂ ನನ್ನ ಕುತ್ತಿಗೆ ಹಿಡಿದು ಕುರ್ಚಿಯಲ್ಲಿ ಕೂರಿಸಿ, ತಲೆ ಹಿಂದಕ್ಕೆ ಬಾಗಿಸಿ, ಸಲೈನ್ ಬಾಟಲಿ ಸುರಿದರು. ಕಾಂಟ್ಯಾಕ್ಟ್ ಲೆನ್ಸ್ ಹಾಕಿದ್ದೆ. ಅದನ್ನು ಮೊದಲು ಕೀಳಲು ಹೋದೆ, ಕೈಗೆ ಒಂದು ಏಟು ಬಿತ್ತು. ಮೊದಲು ತೊಳೆಯಬೇಕಂತೆ, ಲೆನ್ಸ್ ಆಮೇಲೆ ತೆಗೆಯಬೇಕಂತೆ.

28 ದಿನ ಮಾತ್ರೆ. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಒಂದೇ ಗುಳಿಗೆಯಲ್ಲಿ, ದಿನಕ್ಕೆ ಒಂದು. ಮೊದಲ ವಾರ ವಾಕರಿಕೆ, ನಿದ್ದೆ ಕೆಟ್ಟಿತು, ಆಮೇಲೆ ಸರಿಹೋಯಿತು. ಆರು ವಾರ, ಮೂರು ತಿಂಗಳು, ಆರು ತಿಂಗಳಿಗೆ ಟೆಸ್ಟ್. ಎಲ್ಲ ನೆಗೆಟಿವ್.

ಆಗ ನನಗೆ ತಲೆ ಕೆಟ್ಟಿತ್ತು. ಕ್ಯಾಂಟೀನಿನಲ್ಲಿ ಲೋಟ ಮುಟ್ಟಲೂ ಹೆದರುತ್ತಿದ್ದೆ. ಬೇರೆಯವರಿಗೆ ತಗಲಿಬಿಟ್ಟರೆ ಅಂತ. ಡಾಕ್ಟರ್ ಆಗುವವನು ಹೀಗೆ!

ಐದನೇ ನಂಬರ್ ಕೋಣೆ | ರಾತ್ರಿ 8:10

ಐಸಿಟಿಸಿಯಲ್ಲಿ, ಅಂದರೆ ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ, ಆಪ್ತ ಸಮಾಲೋಚಕಿ ನಾನು. ಆ ಹುಡುಗ ಬರೆದ ಲೋಟದ ಮಾತು ಎಷ್ಟು ಜನ ಬಂದು ಹೇಳಿದ್ದಾರೋ. ಲೋಟ, ಟವೆಲ್, ಅಪ್ಪುಗೆ, ಮಗುವಿಗೆ ಮುತ್ತು, ಯಾವುದರಿಂದಲೂ ಏನೂ ಆಗುವುದಿಲ್ಲ. ಕೊನೆಯ ಟೆಸ್ಟ್ ಬರುವ ತನಕ ಕಾಂಡೋಮ್ ಬಳಸಿ, ರಕ್ತದಾನ ಮಾಡಬೇಡಿ. ಮಗುವಿಗೆ ಹಾಲು ಕುಡಿಸುವವರು ಮೊದಲೇ ಡಾಕ್ಟರ್ ಜೊತೆ ಮಾತಾಡಿ.

ಬೆವರು, ಕಣ್ಣೀರು, ಎಂಜಲು, ಮೂತ್ರ, ವಾಂತಿ, ಇವುಗಳಲ್ಲಿ ರಕ್ತ ಕಾಣದಿದ್ದರೆ ಎಚ್‌ಐವಿ ಭಯ ಬೇಡ. ರಕ್ತ, ಗರ್ಭದ ನೀರು, ಬೆನ್ನುಹುರಿಯಿಂದ ತೆಗೆಯುವ ನೀರು, ಎದೆ ಹೊಟ್ಟೆಯಿಂದ ತೆಗೆಯುವ ನೀರು, ಇವು ಗಾಯಕ್ಕೋ ಕಣ್ಣಿಗೋ ಬಾಯಿಗೋ ಬಿದ್ದರೆ ತಕ್ಷಣ ಬನ್ನಿ.

ಪೆಪ್ ನುಂಗುವವರಿಗೆ ಒಂದು ಮಾತು. ಐರನ್, ಕ್ಯಾಲ್ಸಿಯಂ, ಅಸಿಡಿಟಿ ಮಾತ್ರೆಯನ್ನು ಅದರ ಜೊತೆಗೇ ಹಾಕಿಕೊಳ್ಳಬೇಡಿ, ಡೊಲುಟೆಗ್ರಾವಿರ್ ಮೈಗೆ ಹತ್ತುವುದಿಲ್ಲ. ಪೆಪ್ ಮೊದಲು ನುಂಗಿದರೆ ಎರಡು ಗಂಟೆ ಬಿಟ್ಟು ಅವನ್ನು ತೆಗೆದುಕೊಳ್ಳಿ. ಅವನ್ನು ಮೊದಲು ನುಂಗಿದ್ದರೆ ಪೆಪ್‌ಗೆ ಆರು ಗಂಟೆ ಬಿಡಿ. ನಮ್ಮ ಹೆಣ್ಣುಮಕ್ಕಳಲ್ಲಿ ಅರ್ಧ ಜನರ ಬ್ಯಾಗಲ್ಲಿ ಐರನ್ ಮಾತ್ರೆ ಇರುತ್ತದೆ, ಅದಕ್ಕೇ ಹೇಳಿದೆ.

ವಿವರಣೆ ಪತ್ರದ ಬಗ್ಗೆಯೂ ಒಂದು ವಿಷಯ. 2017ರ ಎಚ್‌ಐವಿ ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಆಸ್ಪತ್ರೆ ಅಂದಮೇಲೆ ಕೆಲಸ ಮಾಡುವವರಿಗೆ ಗ್ಲೌಸ್, ಕನ್ನಡಕದಂಥ ರಕ್ಷಣೆ, ಅದನ್ನು ಬಳಸುವ ತರಬೇತಿ, ಚುಚ್ಚಿದರೆ ಪೆಪ್, ಇಷ್ಟನ್ನೂ ಕೊಡಲೇಬೇಕು. ಖಾಸಗಿಯವರಿಗೂ ಅನ್ವಯ. ಕೀ ಮ್ಯಾನೇಜರ್ ಮನೆಯಲ್ಲಿ ಇದ್ದರೆ ಕೊಟ್ಟ ಹಾಗೆ ಆಗುವುದಿಲ್ಲ.

ರಾತ್ರಿಪಾಳಿ | ಮೂರನೇ ದಿನ

ರಿಪೋರ್ಟ್ ಬಂತು. ರೋಗಿಗೆ ಎಚ್‌ಐವಿ ಇಲ್ಲ, ಹೆಪಟೈಟಿಸ್ ಬಿ ಇಲ್ಲ. ನನ್ನ ಟೈಟರ್ 140. ಪೆಪ್ ನಿಲ್ಲಿಸಿ ಅಂದರು. ಕುಣಿಯುವಷ್ಟು ಖುಷಿ ಆಯಿತು, ಐದು ನಿಮಿಷ. ಆಮೇಲೆ ಡಾಕ್ಟರ್, "ಹೆಪಟೈಟಿಸ್ ಸಿ ಪಾಸಿಟಿವ್ ಇದೆ" ಅಂದರು. ಪಾಪ, ಆ ಮನುಷ್ಯನಿಗೇ ಗೊತ್ತಿರಲಿಲ್ಲ. ನನ್ನ ಬೆರಳಿಗೆ ಚುಚ್ಚದಿದ್ದರೆ ಯಾರೂ ನೋಡುತ್ತಲೂ ಇರಲಿಲ್ಲ.

ಇದಕ್ಕೆ ಲಸಿಕೆಯೂ ಇಲ್ಲ, ಮುಂಚೆಯೇ ತಡೆಯುವ ಮಾತ್ರೆಯೂ ಇಲ್ಲವಂತೆ. ಸುಮ್ಮನೆ ಕಾಯಬೇಕಂತೆ.

ಹಸಿರು ಕೋಟು | ಮೂರನೇ ದಿನ

ಹೌದು, ಕಾಯಬೇಕು. ಮೂರರಿಂದ ಆರು ವಾರದ ಒಳಗೆ ಆರ್‌ಎನ್‌ಎ ಟೆಸ್ಟ್, ಅಂದರೆ ರಕ್ತದಲ್ಲಿ ವೈರಸ್ಸೇ ಇದೆಯಾ ಅಂತ ನೋಡುವುದು, ನಾಲ್ಕರಿಂದ ಆರು ತಿಂಗಳಿಗೆ ಇನ್ನೊಂದು. ತಗಲುವ ಸಾಧ್ಯತೆ ಕಡಿಮೆ, ಹೆಚ್ಚೆಂದರೆ ನೂರಕ್ಕೆ 2. ತಗಲಿದರೂ ಈಗ 12 ವಾರದ ಮಾತ್ರೆಯಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಜನ ಪೂರ್ತಿ ಗುಣವಾಗುತ್ತಾರೆ. ನಾನು ಓದುವಾಗ ವಾರವಾರ ಇಂಟರ್‌ಫೆರಾನ್ ಇಂಜೆಕ್ಷನ್, ಜ್ವರ, ಕೂದಲು ಉದುರುವುದು, ಇಷ್ಟೆಲ್ಲ ಮಾಡಿಯೂ ಅರ್ಧ ಜನಕ್ಕೆ ವಾಸಿಯಾಗುತ್ತಿರಲಿಲ್ಲ.

ಆ ರೋಗಿಗೂ ಹೇಳಿ. 2018ರಲ್ಲಿ ಶುರುವಾದ ರಾಷ್ಟ್ರೀಯ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಮಾತ್ರೆ ಉಚಿತ.

ಕಸದ ಲೆಕ್ಕ | ಮೂರನೇ ದಿನ

ಅಕ್ಕನಿಗೆ ಇಮ್ಯುನೋಗ್ಲಾಬ್ಯುಲಿನ್ ಆಯಿತು, ಆರನೇ ದಿನ. ಅದರ ರೇಟು ನೋಡಿ ನಮ್ಮ ಕಂಪನಿಯವರು ಆಸ್ಪತ್ರೆ ಕಡೆ ಕೈ ತೋರಿಸಿದರು, ಆಸ್ಪತ್ರೆಯವರು ಕಂಪನಿ ಕಡೆ ತೋರಿಸಿದರು. 2016ರ ನಿಯಮ ಪ್ರಿಂಟ್ ತೆಗೆದು ಇಬ್ಬರ ಮೇಜಿನ ಮೇಲೂ ಇಟ್ಟೆ. ಸಂಜೆ ಹೊತ್ತಿಗೆ ಆಸ್ಪತ್ರೆಯವರೇ ತರಿಸಿದರು. ಹಳೆ ಡೋಸಿನ ಕಾಗದ ಇಲ್ಲದ್ದರಿಂದ ಲಸಿಕೆ ಮೊದಲಿಂದ ಶುರು. ನನ್ನ ಉಳಿದ 31 ಜನರಲ್ಲಿ ಮೂರೂ ಡೋಸ್ ಆದವರು ಎಷ್ಟು ಅಂತ ಪಟ್ಟಿ ಮಾಡಿದೆ. ನಾಲ್ಕು ಜನ.

ಗುಣಮಟ್ಟ | ಎರಡು ವಾರದ ನಂತರ

ರಾತ್ರಿಪಾಳಿ ಸಿಸ್ಟರ್, ನೀವು ಬರೆದ ಕಾಲಂಗಳನ್ನು ನಮ್ಮ ಫಾರ್ಮ್‌ಗೆ ಸೇರಿಸಿದೆ. "ಯಾಕೆ ಎಚ್ಚರ ವಹಿಸಲಿಲ್ಲ" ತೆಗೆದೆವು. ಹೆಸರಿಲ್ಲದೆಯೂ ಬರೆಯಬಹುದು ಅಂತ ಹಾಕಿದೆವು. ಹತ್ತು ದಿನದಲ್ಲಿ ಆರು ಫಾರ್ಮ್ ಬಂದವು. ಮೂರು ಹಳೆಯವು. ಒಂದು ನನ್ನ ಪಕ್ಕದ ಟೇಬಲ್‌ನವರದ್ದೇ, ಹೋದ ವರ್ಷದ್ದು. ಮ್ಯಾನೇಜಿಂಗ್ ಡೈರೆಕ್ಟರ್‌ಗೆ ಈ ಆರು ಹೇಗೆ ತೋರಿಸುವುದು ಅಂತ ಯೋಚಿಸುತ್ತಿದ್ದೇನೆ.

ಲ್ಯಾಬಿನ ಮೂಲೆ | ಎರಡು ವಾರದ ನಂತರ

ಆರು ಅಂತಲೇ ತೋರಿಸಿ ಸರ್.

ರಾತ್ರಿಪಾಳಿ | ಆರು ತಿಂಗಳ ನಂತರ

ಹಳೆ ಚರ್ಚೆ ಎತ್ತಿದ್ದಕ್ಕೆ ಬೈಯಬೇಡಿ. ಐದನೇ ವಾರದ ಆರ್‌ಎನ್‌ಎ ಟೆಸ್ಟಿನಲ್ಲಿ ಏನೂ ಇರಲಿಲ್ಲ, ನಿನ್ನೆ ಕೊನೆಯದೂ ನೆಗೆಟಿವ್ ಬಂತು. ಮಧ್ಯದ ಆರು ತಿಂಗಳು ಯಜಮಾನರು ಏನೂ ಕೇಳಲಿಲ್ಲ, ಅತ್ತೆ ಮಾತ್ರ ದಿನಾ "ಬೆರಳು ಹೇಗಿದೆ?" ಅನ್ನುತ್ತಿದ್ದರು. ಬೆರಳಿಗೆ ಏನೂ ಆಗಿಲ್ಲ ಅಂತ ಅವರಿಗೆ ಅರ್ಥ ಮಾಡಿಸಲು ಆಗಲೇ ಇಲ್ಲ.

ನಮ್ಮ ವಾರ್ಡಿನ ಟ್ರಾಲಿಗೆ ಈಗ ಬಿಳಿ ಡಬ್ಬಿ ಕಟ್ಟಿದೆ, ರೋಲರ್ ಬ್ಯಾಂಡೇಜಿನಲ್ಲಿ. ಸ್ಟ್ಯಾಂಡ್ ಬರುತ್ತದೆ ಅಂದಿದ್ದಾರೆ. ಬೀರುವಿನ ಕೀ ನರ್ಸಿಂಗ್ ಸ್ಟೇಷನ್‌ಗೆ ಬಂದಿದೆ. ಆ ರೋಗಿಯ 12 ವಾರದ ಮಾತ್ರೆ ಮುಗಿದಿದೆಯಂತೆ.

ಅಣ್ಣ, ನಿಮ್ಮ ಅಕ್ಕ ಹೇಗಿದ್ದಾರೆ?

ಕಸದ ಲೆಕ್ಕ | ಆರು ತಿಂಗಳ ನಂತರ

ಚೆನ್ನಾಗಿದ್ದಾರೆ ಸಿಸ್ಟರ್. ಎಚ್‌ಐವಿ ಟೆಸ್ಟ್ ಮೂರೂ ಸಲ ನೆಗೆಟಿವ್. ಮೂರನೇ ಡೋಸ್ ಮೊನ್ನೆ ಬುಧವಾರ ಇತ್ತು. ಅವತ್ತು ಅವರಿಗೆ ವಾರದ ರಜೆ, ಊರಿಂದ ಬರಬೇಕು. ಬಸ್ ಚಾರ್ಜ್ ನಾನು ಕೊಡುತ್ತೇನೆ ಬನ್ನಿ ಅಂದೆ. "ಹೆಂಗಸರಿಗೆ ಬಸ್ ಫ್ರೀ ಕಣಪ್ಪ, ನೀನು ಕೊಡೋದಾದ್ರೆ ಟೀ ಕೊಡ್ಸು" ಅಂದರು. ಕೊಡಿಸಿದೆ, ಜೊತೆಗೆ ಒಂದು ಬನ್ನೂ.